ಈಚೆಗೆ ಏನೋದಿದಿರಿ?

ಇಬ್ಬರು ಪರಿಚಿತರು ಬೀದಿಯಲ್ಲಿ ಸಂಧಿಸಿ, ಮಳೆ ಬೆಳೆಗಳ ಮಾತು, ಮಕ್ಕಳ ಆರೋಗ್ಯದ ಮಾತು, ಅರಳೆಯ ಧಾರಣೆಯ ಮಾತು ಇವೆಲ್ಲ ಮುಗಿದ ಬಳಿಕ, ಬೀಳ್ಕೊಳ್ಳುವುದಕ್ಕೆ ಮನಸ್ಸಿಲ್ಲದೆ, ಮುಂದುವರಿಸುವುದಕ್ಕೆ ವಿಷಯವಿಲ್ಲದೆ ಸುಮ್ಮನೆ ನಿಲ್ಲುವ ಒಂದು ಗಳಿಗೆಯುಂಟು. ಆ ಗಳಿಗೆಯನ್ನು ಒಂದೊಂದು ಊರಿನವರು ಒಂದೊಂದು ಬಗೆಯಲ್ಲಿ ತುಂಬಿಕೊಳ್ಳುತ್ತಾರೆ. ನನ್ನ ಉದ್ಯೋಗಜೀವನದ ಬಹುಭಾಗ ಕಳೆದ ಗದಗಿನಲ್ಲಿ, ಊರಿಗೆಲ್ಲ ಅನ್ವಯಿಸದಿದ್ದರೂ ನಮ್ಮ ಸಣ್ಣ ಬಳಗದ ಮಟ್ಟಿಗೆ ನಿಸ್ಸಂದೇಹವಾಗಿ, ಅದನ್ನು ತುಂಬುತ್ತಿದ್ದುದು "ಈಚೀಗೆ ಏನೋದಿದ್ರಿ?" ಎಂಬ ಪ್ರಶ್ನೆ. ಪ್ರಶ್ನೆ ಲಘುವಾದದ್ದು, ಉತ್ತರ ಹಾಗಲ್ಲ. ಪುಸ್ತಕದ ಹೆಸರನ್ನಷ್ಟೇ ಹೇಳಿ ಸುಮ್ಮನಾದರೆ ಕೇಳಿದವನಿಗೆ ತೃಪ್ತಿಯಾಗದು, "ಹಂಗಾದ್ರ ನಾನೂ ಓದಬಹುದೇನು?" ಎಂಬ ಎರಡನೆಯ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು, ಅದಕ್ಕೆ ಹೌದೆಂದವನು ಆ ಪುಸ್ತಕಕ್ಕೆ ಮಾತ್ರವಲ್ಲದೆ ಕೇಳಿದವನ ಮುಂದಿನ ಕೆಲವು ಸಂಜೆಗಳಿಗೂ ಜಾಮೀನುದಾರನಾಗುತ್ತಿದ್ದನು. ಬಹುವರ್ಷಗಳ ಇಂಥ ಕೊಡುಕೊಳೆಯಿಂದ ನನ್ನಲ್ಲಿ ದೃಢವಾಗಿರುವ ಅಭಿಪ್ರಾಯವೇನೆಂದರೆ, ಪುಸ್ತಕವನ್ನು ಇನ್ನೊಬ್ಬರಿಗೆ ಸೂಚಿಸುವ ವಿದ್ಯೆಯಲ್ಲಿ ಪುಸ್ತಕಜ್ಞಾನದ ಪಾಲು ಕಿರಿದು, ಮನುಷ್ಯಜ್ಞಾನದ ಪಾಲೇ ಹಿರಿದು. ಮತ್ತು ಆ ವಿದ್ಯೆಯಲ್ಲಿ ನಾನು ಕಂಡ ಅತ್ಯಂತ ಕುಶಲರು ಯಾರೂ ಪಂಡಿತರಾಗಿರಲಿಲ್ಲ.

ಗದಗಿನ ನೆಲಕ್ಕೆ ಈ ವಿದ್ಯೆ ಹೊಸದೇನೂ ಅಲ್ಲ. ಊರಿಂದ ಹೊರಟು ಹೊತ್ತೇರುವುದರೊಳಗೆ ನಡೆದು ಸೇರಬಹುದಾದ ಲಕ್ಕುಂಡಿಯಲ್ಲಿ, 1007ರಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ನಮ್ಮ ವಿದ್ವಾಂಸರು ಇದನ್ನು ಆಕೆಯ ದಾನಗುಣಕ್ಕೆ ನಿದರ್ಶನವಾಗಿ ಎತ್ತಿಹೇಳುವರು. ದಾನಚಿಂತಾಮಣಿಯೆಂಬ ಬಿರುದು ಇರುವುದರಿಂದ ಅದು ಸಹಜವೇ. ಆದರೆ ತಾಳೆಯ ಗರಿಗಳನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿ ತೊಡೆದು, ದಾರ ಪೋಣಿಸಿ ಒಂದೇ ಒಂದು ಕಟ್ಟನ್ನು ಸಿದ್ಧಪಡಿಸುವುದಕ್ಕೆ ಎಷ್ಟು ಬೆನ್ನುಗಳು ಬಾಗಬೇಕೆಂಬುದನ್ನು ಬಲ್ಲವರು, ಸಾವಿರ ಕಟ್ಟುಗಳ ಹಿಂದೆ ದಾನಬುದ್ಧಿಗಿಂತಲೂ ತೀವ್ರವಾದ ಇನ್ನೊಂದನ್ನು ಕಾಣದಿರಲಾರರು. ಮೆಚ್ಚಿದ ಪುಸ್ತಕವನ್ನು ಇನ್ನೊಬ್ಬರ ಕೈಯಲ್ಲಿ ನೋಡುವವರೆಗೆ ಓದುಗನನ್ನು ಕಾಡುವ ಆ ಚಡಪಡಿಕೆಯನ್ನು ಧರ್ಮವೆನ್ನುವುದಕ್ಕಿಂತ ಒಂದು ಬಗೆಯ ವ್ಯಾಧಿಯೆನ್ನುವುದೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ. ಅದೇ ವ್ಯಾಧಿ ಒಂಬತ್ತು ಶತಮಾನಗಳ ತರುವಾಯ ಹಾವೇರಿಯ ಸೀಮೆಯಲ್ಲಿ ಗಳಗನಾಥರನ್ನು ಹಿಡಿಯಿತು. ಕಾದಂಬರಿಗಳನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಅವುಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರಿಂದೂರಿಗೆ ಅಲೆದ ಆ ಮಹನೀಯರು 1942ರಲ್ಲಿ ತೀರಿಕೊಂಡಾಗ, ಆ ಸೀಮೆಯಲ್ಲಿ ಓದು ಬಲ್ಲವರ ಮನೆಗಳ ಮಾಡಗಳಲ್ಲಿ ದೇವರ ಪಟದ ಪಕ್ಕಕ್ಕೆ ಅವರ ಪುಸ್ತಕಗಳು ಇರುತ್ತಿದ್ದುವು. ನಮ್ಮ ಮನೆಯಲ್ಲಿದ್ದ ಮಾಧವ ಕರುಣಾವಿಲಾಸದ ಪ್ರತಿಗೆ ರಟ್ಟೂ ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಅದು ಎಷ್ಟು ಕೈಗಳನ್ನು ಕಂಡಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಮ್ಮ ಬಳಗ ಸೇರುತ್ತಿದ್ದುದು ಅರಳೆಯ ಪೇಟೆಯ ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ. ಲಿಲಾವು ಮುಗಿದು, ಚಕ್ಕಡಿಗಳು ಊರಕಡೆ ಮುಖಮಾಡಿ, ಧೂಳು ನೆಲಕ್ಕಿಳಿಯುವ ಹೊತ್ತಿಗೆ ಅಂಗಡಿಯ ಯಜಮಾನರು ಲೆಕ್ಕದ ಪುಸ್ತಕ ಮುಚ್ಚಿ ಗಾದಿಯಿಂದ ಕಟ್ಟೆಗೆ ಬರುವರು. ಔಷಧಾಲಯವನ್ನು ಕಂಪೌಂಡರನ ಕೈಗೊಪ್ಪಿಸಿ ಒಬ್ಬ ವೈದ್ಯರು ಬರುವರು. ಅಂಚೆಯ ಕಚೇರಿಯಿಂದ ಪೋಸ್ಟ್ ಮಾಸ್ತರರು ಬರುವರು. ಕನ್ನಡ ಪಾಠ ಹೇಳುವ ನಾನು ಕಂಠ ಬತ್ತಿಸಿಕೊಂಡು ಬರುತ್ತಿದ್ದೆನು. ಪೋಸ್ಟ್ ಮಾಸ್ತರರು ಸ್ವತಃ ಹೆಚ್ಚು ಓದಿದವರಲ್ಲ, ಆದರೆ ಊರಲ್ಲಿ ಯಾರು ಏನನ್ನು ಓದಲಿರುವರೆಂಬುದು ಓದುವವರಿಗಿಂತ ಮುಂಚೆ ಅವರಿಗೆ ಗೊತ್ತಾಗುತ್ತಿತ್ತು. ಬುಕ್ ಪೋಸ್ಟಿನಲ್ಲಿ ಬರುವ ಕಟ್ಟಿನ ಬಾಯಿ ತೆರೆದಿರಬೇಕೆಂಬುದು ಆಗಿನ ಅಂಚೆಯ ನಿಯಮವಾಗಿತ್ತು. ಒಳಗೆ ಕಾಗದ ಪತ್ರಗಳು ಅಡಗಿಲ್ಲವೆಂದು ಪರೀಕ್ಷಿಸುವ ಅಧಿಕಾರ ಅವರದಾಗಿತ್ತು. ಆ ಅಧಿಕಾರವನ್ನು ಅವರು ಪುಸ್ತಕದ ಮುನ್ನುಡಿಯವರೆಗೂ ವಿಸ್ತರಿಸಿಕೊಂಡಿದ್ದರೆಂದು ನಮ್ಮ ಗುಮಾನಿ. "ಧಾರವಾಡದಿಂದ ಬಂದದ ನೋಡ್ರಿ, ಈ ಸಲ ದಪ್ಪನೆಯದು" ಎಂದು ಅವರು ಕಟ್ಟೆಯ ಮೇಲೆ ಘೋಷಿಸಿದರೆ, ಮರುದಿನ ಮನೆಗೆ ಬರಲಿರುವ ಪುಸ್ತಕದ ಅರ್ಧ ಸುಖ ಆಗಲೇ ಆರಂಭವಾಗುತ್ತಿತ್ತು.

ಧಾರವಾಡದಿಂದ ಬರುತ್ತಿದ್ದುದು ಮನೋಹರ ಗ್ರಂಥಮಾಲೆಯ ಪುಸ್ತಕ. 1933ರಲ್ಲಿ ಆರಂಭವಾದ ಆ ಮಾಲೆಗೆ ನಾವು ಮೂವರು ಚಂದಾದಾರರಾಗಿದ್ದೆವು. ಇಂದಿನ ಓದುಗರು ಅಂಗಡಿಯಲ್ಲಿ ನಿಂತು, ಪುಟ ಮಗುಚಿ, ಬೆಲೆ ನೋಡಿ, ಆಮೇಲೆ ಕೊಳ್ಳುವರು. ಚಂದಾದಾರನ ಸ್ಥಿತಿ ಹಾಗಲ್ಲ. ಅವನು ವರ್ಷದ ಹಣವನ್ನು ಮೊದಲೇ ಕಳುಹಿಸಿಬಿಟ್ಟಿರುತ್ತಾನೆ. ಬರುವುದು ಕಾದಂಬರಿಯೋ, ನಾಟಕವೋ, ವಿಮರ್ಶೆಯೋ ಎಂಬುದು ಪ್ರಕಾಶಕರ ಇಚ್ಛೆ. ಜಡಭರತರೆಂಬ ಹೆಸರಿನಿಂದ ತಾವೂ ನಾಟಕಗಳನ್ನು ಬರೆದ ಜಿ. ಬಿ. ಜೋಶಿಯವರು ಧಾರವಾಡದ ತಮ್ಮ ಅಟ್ಟದಲ್ಲಿ ಕುಳಿತು, ಮುಖ ನೋಡದ ನೂರಾರು ಜನರಿಗೆ "ಇದನ್ನು ಓದಿರಿ" ಎಂದು ಹೇಳುತ್ತಿದ್ದ ರೀತಿಯದು. ಗೋಕಾಕರ ಇಜ್ಜೋಡು ನಮಗೆ ಬಂದದ್ದು ಹಾಗೆ. ಬಹಳ ವರ್ಷಗಳ ಮೇಲೆ, ಹೆಸರೇ ಕೇಳದ ತರುಣನೊಬ್ಬನ ಯಯಾತಿ ಬಂದದ್ದೂ ಹಾಗೆ. ಎಲ್ಲವೂ ಎಲ್ಲರಿಗೂ ರುಚಿಸಲಿಲ್ಲವೆಂಬುದು ನಿಜ. ಕಟ್ಟೆಯ ಮೇಲೆ ಗ್ರಂಥಮಾಲೆಯನ್ನು ಬೈದ ಸಂಜೆಗಳು ಹೊಗಳಿದ ಸಂಜೆಗಳಿಗಿಂತ ಕಡಮೆಯೇನಲ್ಲ. ಆದರೂ ಮರುವರ್ಷದ ಚಂದಾ ತಪ್ಪದೆ ಹೋಗುತ್ತಿತ್ತು. ನಾವಾಗಿ ಆರಿಸಿಕೊಳ್ಳದಿದ್ದ ಪುಸ್ತಕ ಮನೆಯ ಬಾಗಿಲಿಗೆ ಬಂದು ನಿಂತಾಗ ಅದನ್ನು ಓದಿಯೇ ನಿರಾಕರಿಸಬೇಕಾಗುತ್ತದೆ. ಹೀಗೆ ನಿರಾಕರಿಸಲೆಂದು ಓದಿದವುಗಳಲ್ಲಿ ಕೆಲವು ಇಂದಿಗೂ ನನ್ನ ಮೇಜಿನ ಮೇಲಿವೆ.

ಈಗ ನಮ್ಮ ಸೋದರತ್ತೆಯ ಮಾತಿಗೆ ಬರಬೇಕು. ನಿಜ ಹೇಳುವುದಾದರೆ ಈ ಲೇಖನವನ್ನು ನಾನು ಬರೆಯತೊಡಗಿದ್ದು ಆಕೆಗೋಸ್ಕರವೇ. ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಹೊಂದಿ ನಮ್ಮ ಮನೆಯನ್ನು ಸೇರಿದ ಆಕೆಗೆ ಅಕ್ಷರಜ್ಞಾನವಿರಲಿಲ್ಲ. ಆದರೆ ವೀರನಾರಾಯಣನ ಗುಡಿಯಲ್ಲಿ, ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಊರವರು ಹೇಳುವ ಕಂಬದ ಸಮೀಪದಲ್ಲಿಯೇ, ಬಾಲ್ಯದಿಂದ ಗಮಕವನ್ನು ಕೇಳಿ ಕೇಳಿ, ಭಾಮಿನೀಷಟ್ಪದಿಯ ಒಂದು ಪಾದವನ್ನು ಯಾರಾದರೂ ತಪ್ಪಾಗಿ ಅಂದರೆ ಮುಖವನ್ನು ಆ ಕಡೆ ತಿರುಗಿಸುವಷ್ಟು ಕಿವಿಯ ಸಂಸ್ಕಾರ ಆಕೆಗೆ ಒದಗಿತ್ತು. ರಾತ್ರಿಯ ಊಟದ ಅನಂತರ ಕಂದೀಲಿನ ಬೆಳಕಿನಲ್ಲಿ ನಾನು ಓದಬೇಕು. ಆಕೆ ಹೂಬತ್ತಿ ಹೊಸೆಯುತ್ತ ಕೇಳಬೇಕು. ಓಣಿಯ ಇಬ್ಬರು ಮೂವರು ಹೆಣ್ಣುಮಕ್ಕಳು ಹೊಸ್ತಿಲ ಆಚೆ ಈಚೆ ಕುಳಿತಿರಬೇಕು, ಇದು ವಾಡಿಕೆ. ಭಾರತ ರಾಮಾಯಣಗಳಿಂದ ಆರಂಭವಾದ ಈ ಓದು ಗಳಗನಾಥರ ಮಾರ್ಗವಾಗಿ ಹೊಸ ಕಾದಂಬರಿಗಳಿಗೆ ಹೊರಳಿದುದು ಹೇಗೆಂಬುದು ನನ್ನ ನೆನಪಿನಲ್ಲಿಲ್ಲ. ರಾವಬಹಾದ್ದೂರರ ಗ್ರಾಮಾಯಣವನ್ನು ಓದುವ ದಿನಗಳಲ್ಲಿ ಮಾತ್ರ ನಮ್ಮ ಹೊಸ್ತಿಲ ಬಳಿ ಜಾಗ ಸಾಲದೆ ಹೋದುದು ಚೆನ್ನಾಗಿ ನೆನಪಿದೆ. ಒಬ್ಬ ನಾಯಕನಿಲ್ಲದೆ ಊರಿಗೆ ಊರೇ ಕಥೆಯಾಗಿ ಕೆಡುತ್ತ ಹೋಗುವ ಆ ಪುಸ್ತಕವನ್ನು ಕೇಳುತ್ತ ಕೇಳುತ್ತ, ಪಾದಳ್ಳಿಯ ಇಂಥವನು ನಮ್ಮೂರಿನ ಇಂಥವನೇ ಎಂದು ಹೆಂಗಸರು ತಮ್ಮತಮ್ಮೊಳಗೆ ನಿರ್ಣಯಿಸಿ, ಮರುದಿನ ಆ ಬಡಪಾಯಿ ಓಣಿಯಲ್ಲಿ ಹಾದುಹೋಗುವಾಗ ಸೆರಗಿನ ಮರೆಯಲ್ಲಿ ನಗುತ್ತಿದ್ದರು.

ಅತ್ತೆಯು ಯಾವ ಪುಸ್ತಕವನ್ನೂ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳಿದುದನ್ನು ನಾನು ಕೇಳಿಲ್ಲ. "ಇದು ಇಂಥಾಕಿಗಿ" ಎನ್ನುವಳು. ಆಕೆಯ ವಿಮರ್ಶೆ ಅಲ್ಲಿಗೆ ಮುಗಿಯಿತು. ಸೊಸೆಯೊಡನೆ ಜಗಳವಾಡಿಕೊಂಡ ಅತ್ತೆಗೆ ಒಂದು ಕಥೆ, ಗಂಡನ ಮುಂಗೋಪವನ್ನು ಸಹಿಸುವವಳಿಗೆ ಇನ್ನೊಂದು, ಯಾವ ದುಃಖವೂ ಇಲ್ಲದೆ ಬೇಸರಪಡುವವಳಿಗೆ ಗೊರೂರರ ಹಳ್ಳಿಯ ಚಿತ್ರಗಳು. ನನ್ನನ್ನು ಕರೆದು, "ನಾಳೆ ಆಕಿ ಬರತಾಳ, ಆ ದೋಣಿ ದಾಟೂದು ಇರೂ ಪುಸ್ತಕ ತಗದಿಡು" ಎಂದು ಅಪ್ಪಣೆ ಮಾಡುವಳು. ಕಥೆಯ ಹೆಸರು, ಬರೆದವರ ಹೆಸರು ಇವೆರಡೂ ಆಕೆಗೆ ಅಪ್ರಸ್ತುತ. ಕಾರಂತರ ಬೆಟ್ಟದ ಜೀವ ಆಕೆಯ ಬಾಯಲ್ಲಿ "ಮಗಾ ಬರದ ಪುಸ್ತಕ"ವಾಗಿತ್ತು.

ಆ ಪುಸ್ತಕವನ್ನು ಕುರಿತು ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತರವಾಗಿಯೇ ಹೇಳುತ್ತೇನೆ. ಕುಮಾರ ಪರ್ವತದ ಬುಡದ ಕಾಡಿನಲ್ಲಿ ದಾರಿತಪ್ಪಿ ಬಂದ ಅಪರಿಚಿತನೊಬ್ಬನು ಗೋಪಾಲಯ್ಯ ಶಂಕರಮ್ಮರೆಂಬ ವೃದ್ಧ ದಂಪತಿಗಳ ಮನೆಯಲ್ಲಿ ಕೆಲವು ದಿನ ಉಳಿದು, ಅವರ ಧೈರ್ಯೋತ್ಸಾಹಗಳನ್ನೂ, ಮನೆಬಿಟ್ಟು ಹೋದ ಮಗ ಶಂಭುವಿನ ಕೊರಗನ್ನೂ ಕಾಣುವ ಕಥೆಯದು. ಅದೇ ಕಾಲದಲ್ಲಿ ನಮ್ಮ ಓಣಿಯ ಒಬ್ಬಾಕೆಯ ಮಗ, ತಂದೆಯೊಡನೆ ಮಾತಿಗೆ ಮಾತು ಬೆಳೆದು, ಹೇಳದೆ ಕೇಳದೆ ಮುಂಬಯಿಗೆ ಹೊರಟುಹೋಗಿದ್ದನು, ಕಾಗದವಿಲ್ಲ, ಸುದ್ದಿಯಿಲ್ಲ. ಕಾರಂತರ ಪುಸ್ತಕವನ್ನು ಓದಿ ಕೇಳಿಸಲು ಇವಳಿಗಿಂತ ಯೋಗ್ಯರಾರು, ತನ್ನ ದುಃಖವೇ ಕಥೆಯಾಗಿ ಕಿವಿಗೆ ಬಿದ್ದರೆ ಮನಸ್ಸು ಹಗುರಾದೀತೆಂದು ನಾನು ಸಹಜವಾಗಿಯೇ ಎಣಿಸಿ, ಅತ್ತೆಯ ಮುಂದೆ ಆ ಮಾತನ್ನೆತ್ತಿದೆನು. ಕರುಣರಸದಿಂದ ಚಿತ್ತಕ್ಕೆ ಶುದ್ಧಿಯುಂಟಾಗುವುದೆಂಬ ಶಾಸ್ತ್ರವಚನಗಳೂ ನನ್ನ ಬೆಂಬಲಕ್ಕಿದ್ದುವು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಆಕಿಗಿ ಈಗ ಬ್ಯಾಡ. ಮಗನ ಕಾಗದ ಬರಲಿ, ಆಮ್ಯಾಲೆ ಓದು" ಎಂದಳು. ಕಾಗದ ಬಂದ ಮೇಲೆ ಓದುವುದರಲ್ಲಿ ಏನು ಸ್ವಾರಸ್ಯವೆಂದು ನಾನು ಕೇಳಲಿಲ್ಲ; ಆಕೆಯೊಡನೆ ವಾದಿಸಿ ಯಾರೂ ಗೆದ್ದುದಿಲ್ಲ. ಆ ಮಳೆಗಾಲವಿಡೀ ಆ ನೆರೆಯಾಕೆ ಬಂದ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಭೀಮನ ಪ್ರತಾಪ, ಹನುಮಂತನ ಸಮುದ್ರಲಂಘನ ಇಂಥವೇ ನಡೆದುವು. ಕೊನೆಗೊಂದು ದಿನ ಮುಂಬಯಿಯಿಂದ ಮನಿಆರ್ಡರು ಬಂದಿತು. ಅದರ ಅಡಿಯ ಚೀಟಿಯಲ್ಲಿ ಎರಡು ಸಾಲು ಬರೆಹವೂ ಇತ್ತು. ಪೋಸ್ಟ್ ಮಾಸ್ತರರು ತಾವೇ ಅದನ್ನು ತಂದುಕೊಟ್ಟರೆಂದು ನೆನಪು. ಆ ವಾರದಲ್ಲಿಯೇ ಅತ್ತೆ ಆಕೆಯನ್ನು ಕರೆಯಿಸಿ, "ಇನ್ನ ಓದು" ಎಂದು ನನಗೆ ಸಂಜ್ಞೆ ಮಾಡಿದಳು.

ಶಂಭು ಮನೆಗೆ ಮರಳದೆಯೇ ಪುಸ್ತಕ ಮುಗಿಯುತ್ತದೆ. ನಾನು ಮುಚ್ಚಿಟ್ಟಾಗ ಅಳುವನ್ನು ನಿರೀಕ್ಷಿಸಿದ್ದೆನು. ಆ ತಾಯಿ ಅಳಲಿಲ್ಲ. ಬಹಳ ಹೊತ್ತು ಯೋಚಿಸಿ, "ಆ ಮುದಿಕಿ ದಾರಿ ತಪ್ಪಿ ಬಂದಾವಗ ಅಷ್ಟು ಉಪಚಾರ ಯಾಕ ಮಾಡತಾಳ ಅಂತ ನನಗ ತಿಳೀತು. ತನ್ನ ಮಗಗ ಯಾರರ ಹಿಂಗ ಬಡಿಸ್ಲಿ ಅಂತ" ಎಂದಳು. ಬೆಟ್ಟದ ಜೀವದ ಮೇಲೆ ನಾನು ಓದಿರುವ ವಿಮರ್ಶೆಗಳಲ್ಲಿ ಪ್ರಕೃತಿಯ ಮಾತಿದೆ, ಸಾಹಸದ ಮಾತಿದೆ, ಎರಡು ತಲೆಮಾರುಗಳ ಸಂಘರ್ಷದ ಮಾತೂ ಇದೆ. ಶಂಕರಮ್ಮನ ಎಲೆಯ ಮೇಲಿನ ಈ ಅರ್ಥವನ್ನು ಎತ್ತಿಹೇಳಿದವರನ್ನು ನಾನು ಕಾಣೆ. ಮಗನ ಸುದ್ದಿಯಿಲ್ಲದ ದಿನಗಳಲ್ಲಿ ಕೇಳಿದ್ದರೆ ಅವಳಿಗೆ ಶಂಭುವಿನ ಹೊರತು ಬೇರೆ ಯಾರೂ ಕಾಣುತ್ತಿರಲಿಲ್ಲ. ಅತ್ತೆ ಇದನ್ನು ಮೊದಲೇ ಬಲ್ಲಳೋ, ಬರಿಯ ಕನಿಕರದಿಂದ ತಡೆಹಿಡಿದಳೋ ನಾನರಿಯೆ. ಪುಸ್ತಕವನ್ನು ಮುಂದೆ ಹಿಡಿಯುವವರನ್ನು ಬಹಳ ಮಂದಿ ಕಂಡಿದ್ದೇನೆ, ಹೊತ್ತಲ್ಲದ ಹೊತ್ತೆಂದು ಹಿಂದಕ್ಕೆ ಹಿಡಿದವಳು ಅವಳೊಬ್ಬಳೇ.

ಅಡತಿಯ ಯಜಮಾನರ ಪದ್ಧತಿ ಬೇರೆ. ಜಯಧರ, ಲಕ್ಷ್ಮಿ ಮೊದಲಾದ ಅರಳೆಯ ತಳಿಗಳನ್ನು ಕಣ್ಣುಮುಚ್ಚಿ ಹೇಳಬಲ್ಲ ಆ ಗೃಹಸ್ಥರು, ಅಂಡಿಗೆಯ ನಡುವೆ ಕೈಹಾಕಿ ಹಿಡಿಯಷ್ಟು ಅರಳೆ ಕಿತ್ತು ಎಳೆಯ ಉದ್ದವನ್ನು ನೋಡುವಂತೆಯೇ, ಯಾವ ಕಾದಂಬರಿಯನ್ನಾದರೂ ನಡುವೆ ತೆರೆದು ಎರಡು ಪುಟ ಓದಿ, ಎಳೆ ಹರಿಯದಿದ್ದರೆ ಮೊದಲಿಗೆ ಹೋಗುವರು. ಅ. ನ. ಕೃಷ್ಣರಾಯರದು, ತ. ರಾ. ಸುಬ್ಬರಾಯರದು ಯಾವುದು ಬಂದರೂ ಬಿಡುತ್ತಿರಲಿಲ್ಲ; ಪತ್ತೇದಾರಿ ಕಥೆಗಳಂತೂ ಗಾದಿಯ ಕೆಳಗೆ ರಾಶಿ ಬಿದ್ದಿರುತ್ತಿದ್ದುವು. ಪಂಪ ರನ್ನರನ್ನು ಪಾಠ ಹೇಳಿ ಜೀವಿಸುವ ನನಗೂ ಅವರಿಗೂ ರುಚಿಯಲ್ಲಿ ಉತ್ತರ ದಕ್ಷಿಣ ಧ್ರುವಗಳ ಅಂತರ. ಆದಕಾರಣವೇ ಇರಬೇಕು, ನಮ್ಮಿಬ್ಬರ ವಿನಿಮಯದಷ್ಟು ಲಾಭದಾಯಕವಾದುದು ಬಳಗದಲ್ಲಿ ಇನ್ನೊಂದು ನಡೆಯಲಿಲ್ಲ. ಸಮಾನರುಚಿಯ ಸ್ನೇಹಿತರು ಹೇಳುವುದು ನಾವು ಹೇಗಿದ್ದರೂ ಓದಲಿದ್ದ ಪುಸ್ತಕವನ್ನೇ.

ಒಂದು ಸಲ ಅವರು ತ್ರಿವೇಣಿಯವರ ಶರಪಂಜರವನ್ನು ನನ್ನ ಕೈಗಿತ್ತು, "ಮಾಸ್ತರ, ಇದನ್ನ ಓದಿ ಬೈರಿ, ಓದದ ಬೈಬ್ಯಾಡ್ರಿ" ಎಂದರು. ಬಾಣಂತಿತನದಲ್ಲಿ ಮನೋರೋಗಕ್ಕೆ ತುತ್ತಾದ ಕಾವೇರಿಯೆಂಬ ಗೃಹಿಣಿ ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳಿದರೂ, ಮನೆಯ ಗೋಡೆಗಳು ಆಕೆಯನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಸಂಶಯದ ನೋಟಗಳೇ ಆಕೆಯನ್ನು ಮತ್ತೆ ಅದೇ ಕತ್ತಲೆಗೆ ನೂಕುತ್ತವೆ. ಅಲಂಕಾರವಿಲ್ಲ, ವರ್ಣನೆಯಿಲ್ಲ, ಆದರೂ ಆ ಬರವಣಿಗೆಯ ಸರಳತೆಯಲ್ಲಿ ಕರುಣೆಗಿಂತ ಕಠಿಣವಾದ ಒಂದು ನ್ಯಾಯಬುದ್ಧಿಯಿದೆ. ಮೂವತ್ತೈದು ತುಂಬುವ ಮುನ್ನವೇ, 1963ರಲ್ಲಿ, ತ್ರಿವೇಣಿಯವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅಡತಿಯ ಕಟ್ಟೆಯ ಮೇಲೆ ಧಾರಣೆಯ ಮಾತು ನಡೆಯಲಿಲ್ಲ. ಮಹಿಳೆಯರ ಕಾದಂಬರಿಗಳೆಂದು ಬೇರೊಂದು ಕಪಾಟು ಮಾಡಿ ಅದಕ್ಕೆ ಬೀಗ ಹಾಕುವ ನಮ್ಮ ವಿಮರ್ಶಕರ ಅಭ್ಯಾಸವನ್ನು ಕಂಡಾಗಲೆಲ್ಲ ನನಗೆ ಆ ವ್ಯಾಪಾರಿಯ ಎರಡು ಪುಟದ ಪರೀಕ್ಷೆಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಪ್ರತಿಯಾಗಿ ನಾನೇನು ಕೊಡಲಿ? ಪತ್ತೇದಾರಿಯ ಭಕ್ತರಿಗೆ ಹಳಗನ್ನಡವನ್ನು ಓದಿಸುವುದು ಹೇಗೆಂಬ ಚಿಂತೆಯಲ್ಲಿದ್ದಾಗ ವಡ್ಡಾರಾಧನೆ ನೆರವಿಗೆ ಬಂದಿತು. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿಕೊಟ್ಟ ಆ ಗ್ರಂಥದ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಹಗಲು ಕುಷ್ಠರೋಗಿಯಂತೆ ನಟಿಸಿ ಪಾಳುಗುಡಿಯಲ್ಲಿ ಬಿದ್ದಿದ್ದು, ಇರುಳು ದಿವ್ಯರೂಪದಿಂದ ಕಳ್ಳತನ ಮಾಡುವ ಚೋರ; ಅರಸನ ಹಾರ ಕಳುವಾದಾಗ ತಲೆದಂಡಕ್ಕೆ ಗುರಿಯಾಗಿ ಅವನ ಬೆನ್ನು ಹತ್ತುವ ತಳಾರ ಯಮದಂಡ. ಸಾವಿರ ವರ್ಷಗಳ ಹಿಂದಿನ ಜೈನ ಮುನಿಯ ಕಥೆಯೆಂಬುದನ್ನು ಮರೆಮಾಚಿ, ಕಠಿಣ ಪದಗಳನ್ನು ಬಿಡಿಸಿ ಹೇಳುತ್ತ ನಾನದನ್ನು ಕಟ್ಟೆಯ ಮೇಲೆ ಓದಿದೆನು. ಯಜಮಾನರು ನಡುವೆ ಬಂದ ಗಿರಾಕಿಯನ್ನು ಕೈಸನ್ನೆಯಿಂದಲೇ ಹಿಂದಕ್ಕೆ ಕಳುಹಿಸಿದರು. ಮುಗಿದ ಬಳಿಕ, "ಬರದಾವ ಯಾವ ಊರಾಂವ್ರಿ? ಇನ್ನೇನರ ಬರದಾನ?" ಎಂದು ಕೇಳಿದರು.

ವೈದ್ಯರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆಗದ ಸಂಗತಿಯನ್ನು ಆದಂತೆ ಬರೆಯುವವರಲ್ಲಿ ಅವರಿಗೆ ವಿಶ್ವಾಸವಿರಲಿಲ್ಲ. ಕಾರಂತರ ಕಾದಂಬರಿಗಳನ್ನು ಮುಟ್ಟದೆ, ಅಬೂವಿಂದ ಬರಾಮಕ್ಕೆ, ಅಪೂರ್ವ ಪಶ್ಚಿಮ, ಹುಚ್ಚು ಮನಸ್ಸಿನ ಹತ್ತು ಮುಖಗಳು ಇವುಗಳನ್ನು ಮಾತ್ರ ಓದಿ, ಆ ಮನುಷ್ಯ ಕಾದಂಬರಿಗಳಲ್ಲಿ ವೇಳೆ ವ್ಯರ್ಥಮಾಡಿದನೆಂದು ಮರುಗುತ್ತಿದ್ದರು. ಮಕ್ಕಳ ತಂದೆತಾಯಿಗಳು ಬಂದರೆ ಔಷಧದ ಚೀಟಿಯ ಹಿಂಬದಿಗೆ ಬಾಲಪ್ರಪಂಚ ಎಂದು ಬರೆದುಕೊಡುವರು. ಕಂಪೌಂಡರನು ಅದನ್ನು ಔಷಧವೆಂದೇ ತಿಳಿದು ಕಪಾಟಿನಲ್ಲಿ ಹುಡುಕಿದನೆಂಬ ಕಥೆ ಊರಲ್ಲಿ ಹರಡಿತ್ತು, ನಿಜವೋ ಸುಳ್ಳೋ. 1956ರಲ್ಲಿ ಹುಬ್ಬಳ್ಳಿಯಿಂದ ಕಸ್ತೂರಿ ಹೊರಡತೊಡಗಿದಾಗ, ಅದರ ಕೊನೆಯ ಪುಸ್ತಕ ವಿಭಾಗ ಅವರಿಗೆ ಪರಮಪ್ರಿಯವಾಯಿತು. ಇಡಿಯ ಗ್ರಂಥದ ಸಾರ ಮೂವತ್ತು ನಲವತ್ತು ಪುಟಗಳಲ್ಲಿ ಸಿಗುವಾಗ ಉಳಿದುದೆಲ್ಲ ನೀರೇ ಎಂದು ಅವರ ವಾದ. ನಾನು ಇದನ್ನು ಒಪ್ಪೆನು. ಸಂಗ್ರಹವನ್ನು ಓದಿದವನು ಪುಸ್ತಕದ ವಿಷಯ ಮಾತನಾಡಬಲ್ಲ, ಪುಸ್ತಕದೊಡನೆ ಮಾತನಾಡಲಾರ. ಆದರೆ ಕಸ್ತೂರಿಯ ಸಂಗ್ರಹಗಳು ಎಷ್ಟೋ ದೂರದೇಶಗಳ ಗ್ರಂಥಗಳ ಹೆಸರನ್ನು ನಮ್ಮ ಕಟ್ಟೆಗೆ ತಂದುವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಕೆಟ್ಟ ಸೂಚಕರನ್ನೂ ಕಂಡದ್ದುಂಟು. ಕಥೆಯನ್ನು ಕೊನೆಯವರೆಗೂ ಹೇಳಿ "ನೀವೇ ಓದಿ ನೋಡಬೇಕು" ಎನ್ನುವವರು, ತಾವು ಎಂಥೆಂಥದನ್ನು ಓದುವೆವೆಂಬುದು ಲೋಕಕ್ಕೆ ತಿಳಿಯಲೆಂದು ಹೆಸರುಗಳನ್ನು ಉದುರಿಸುವವರು, ಪುಸ್ತಕವನ್ನು ಕೊಟ್ಟು ಮರುದಿನವೇ "ಎಲ್ಲೀತನಕ ಬಂತು?" ಎಂದು ಸಾಲಗಾರನನ್ನು ಕಾಡುವಂತೆ ಕಾಡುವವರು. ಇವರೆಲ್ಲರಿಗಿಂತ ಅಪಾಯಕಾರಿಯಾದವನು ಯಾವುದನ್ನು ಕೇಳಿದರೂ "ಅದ್ಭುತ" ಎನ್ನುವವನು. ಅವನ ಮೆಚ್ಚುಗೆಗೆ ಬೆಲೆಯಿಲ್ಲ, ಏಕೆಂದರೆ ಅವನ ತಿರಸ್ಕಾರ ಏನೆಂಬುದು ನಮಗೆ ಗೊತ್ತಿಲ್ಲ. ಪರರ ಕೈಸೇರಿದ ಪುಸ್ತಕ ಹೋದಂತೆಯೇ ಸರಿಯೆಂದು ಹೇಳುವ ಸಂಸ್ಕೃತದ ಸುಭಾಷಿತಕಾರನು ಇಂಥ ಯಾರೋ ಒಬ್ಬನಿಗೆ ಪುಸ್ತಕ ಕೊಟ್ಟು ಕೆಟ್ಟವನಾಗಿರಬೇಕು.

ನಿವೃತ್ತನಾಗಿ ನಾನು ಧಾರವಾಡಕ್ಕೆ ಬಂದ ಮೇಲೂ ಆ ಪ್ರಶ್ನೆ ಬೆನ್ನುಬಿಟ್ಟಿಲ್ಲ. ಕಟ್ಟೆಯ ಬದಲು ಕಾರ್ಡಿನ ಮೇಲೆ ಬರುತ್ತದೆ, ಅಷ್ಟೆ. ಆದುದರಿಂದ ಈ ವರ್ಷದ ನನ್ನ ಓದನ್ನು ಇಲ್ಲಿಯೇ ನಿವೇದಿಸಿಬಿಡುತ್ತೇನೆ. ಅನಂತಮೂರ್ತಿಯವರ ಸಂಸ್ಕಾರವನ್ನು ಎರಡನೆಯ ಸಲ ಓದಿದೆನು. 1965ರಲ್ಲಿ ಗ್ರಂಥಮಾಲೆಯಿಂದಲೇ ಬಂದ ಈ ಪುಸ್ತಕ ಮೊದಲ ಓದಿನಲ್ಲಿ ನನ್ನನ್ನು ಸಿಟ್ಟಿಗೆಬ್ಬಿಸಿತ್ತು. ನಾರಣಪ್ಪನ ಹೆಣ ಅಗ್ರಹಾರದ ನಡುವೆ ಬಿದ್ದಿರುವಾಗ ಶಾಸ್ತ್ರವನ್ನು ಶೋಧಿಸುವ ಪ್ರಾಣೇಶಾಚಾರ್ಯರು ವ್ಯಂಗ್ಯಚಿತ್ರವೆಂದೇ ತೋರಿದ್ದರು. ಈ ಸಲ ಅವರ ಅಲೆದಾಟದ ಭಾಗವೇ ಮುಖ್ಯವೆನಿಸಿತು. ತಾನು ಯಾರೆಂದು ಎದುರಿಗೆ ಬಂದವನಿಗೆ ಹೇಳಲಾರದೆ ಜಾತ್ರೆಯ ಗದ್ದಲದಲ್ಲಿ ನಡೆಯುವ ಆ ಮನುಷ್ಯನ ಭಯ ನಿಜವಾದದ್ದು. ಆದರೂ ಇದನ್ನು ನಾನು ಎಲ್ಲರಿಗೂ ಸೂಚಿಸುವುದಿಲ್ಲ. ಸಿಟ್ಟಾಗಿ ಅರ್ಧಕ್ಕೆ ಬಿಡುವವರಿಗಲ್ಲ, ಸಿಟ್ಟಾಗಿಯೂ ಮುಗಿಸುವವರಿಗೆ. ಕಾರಂತರ ಅಳಿದ ಮೇಲೆಯನ್ನು ವಯಸ್ಸಾದವರಿಗೆ ಧಾರಾಳವಾಗಿ ಹೇಳುತ್ತೇನೆ: ರೈಲಿನಲ್ಲಿ ಪರಿಚಯವಾದ ಯಶವಂತರಾಯನು ಸತ್ತ ಮೇಲೆ, ಅವನು ಬಿಟ್ಟುಹೋದ ಕಾಗದಪತ್ರಗಳ ಜಾಡು ಹಿಡಿದು ಅವನ ಬದುಕನ್ನು ಹುಡುಕಿಕೊಂಡು ಹೋಗುವ ಕಥೆ. ಕಾದಂಬರಿಗಳಿಗೆ ಹೇಸುವ ನಮ್ಮ ವೈದ್ಯರಿಗೆ ಇದನ್ನು ಆತ್ಮಚರಿತ್ರೆಯೆಂದು ಸುಳ್ಳು ಹೇಳಿ ಕಳುಹಿಸಿದ್ದೆನು. ಓದಿ ಮುಗಿಸಿ, ಆ ಯಶವಂತರಾಯನ ಸಂಬಂಧಿಕರು ಈಗಲೂ ಇದ್ದಾರೆಯೇ ಎಂದು ವಿಚಾರಿಸಿ ಬರೆದರು. ನಾನಿನ್ನೂ ಉತ್ತರಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಹಿಡಿದಿಟ್ಟದ್ದು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. 1967ರಲ್ಲಿ ಹೊರಬಂದ ಈ ಬೃಹತ್ಕಾದಂಬರಿಯ ಗಾತ್ರವನ್ನು ನೋಡಿ ಹೆದರಿದವರು ನನ್ನ ಪರಿಚಿತರಲ್ಲಿ ಅನೇಕರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಕಥೆ ಎಲ್ಲಿಗೆ ಹೋಗುತ್ತದೆಂದು ಕೇಳುವ ಅಭ್ಯಾಸವನ್ನು ಮೊದಲ ನೂರು ಪುಟಗಳವರೆಗೆ ಬಿಡಿರಿ. ಮಲೆನಾಡಿನ ಕಾಡುದಾರಿಯಲ್ಲಿ ನಾಯಿಗುತ್ತಿ ತನ್ನ ಹುಲಿಯನೊಡನೆ ನಡೆಯುತ್ತಾನೆ. ಅವನ ಹಿಂದೆ ನಡೆದರೆ ಸಾಕು. ಒಡೆಯರ ಮನೆಯ ಮುಕುಂದಯ್ಯ ಚಿನ್ನಮ್ಮರ ಪ್ರೇಮಕ್ಕೆ ಎಷ್ಟು ಮರ್ಯಾದೆಯೋ, ಗುತ್ತಿ ತಿಮ್ಮಿಯರ, ಐತ ಪೀಂಚಲುವಿನ ಪ್ರೇಮಕ್ಕೂ ಅಷ್ಟೇ ಮರ್ಯಾದೆ ಅಲ್ಲಿ ಸಲ್ಲುತ್ತದೆ. ಕಾನೂರು ಹೆಗ್ಗಡತಿಯಲ್ಲಿ ಲೇಖಕರು ಆಗಾಗ ಮುಂದೆ ಬಂದು ನಿಂತು ನಮ್ಮನ್ನು ಉದ್ಧರಿಸಲು ಯತ್ನಿಸುತ್ತಾರೆಂಬುದು ನನ್ನ ಹಳೆಯ ದೂರು. ಇಲ್ಲಿ ಅವರು ಮರಗಳ ಮರೆಗೆ ಸರಿದಿದ್ದಾರೆ. ಗ್ರಾಮಾಯಣವನ್ನು ಕೇಳಿ ನಕ್ಕ ನಮ್ಮ ಹೊಸ್ತಿಲ ಸಭೆಗೆ ಈ ಪುಸ್ತಕ ಸಿಗಲಿಲ್ಲವೆಂಬುದೊಂದು ಕೊರತೆ. ಅತ್ತೆಗೆ ಓದಿ ಹೇಳಿದ್ದರೆ ಇದಕ್ಕೆ "ನಾಯಿ ಪುಸ್ತಕ" ಎಂದೇ ಹೆಸರಾಗುತ್ತಿತ್ತು, ಮತ್ತು ನಾಯಿಯನ್ನು ಸಾಕಿದವರಿಗೆ ಕೊನೆಯ ಭಾಗವನ್ನು ಓದಕೂಡದೆಂದು ನನಗೆ ಕಟ್ಟಪ್ಪಣೆಯಾಗುತ್ತಿತ್ತು.

ನನ್ನ ಪ್ರತಿ ಈಗ ಗದಗಿನಲ್ಲಿದೆ. ಅಡತಿಯ ಯಜಮಾನರು ರೂಢಿಯಂತೆ ನಡುವೆ ತೆರೆದು ಎರಡು ಪುಟ ನೋಡಿ, ಮೊದಲಿಗೆ ಹೋಗಿ, ಈಗ ಮುಕ್ಕಾಲು ಭಾಗ ಮುಗಿಸಿರುವುದಾಗಿಯೂ, ಮುಂದೇನಾಗುವುದೆಂದು ಯಾರೂ ತಮಗೆ ತಿಳಿಸಕೂಡದೆಂದೂ, ದೀಪಾವಳಿಯ ಹೊಸ ಲೆಕ್ಕ ಬರೆಯುವವರೆಗೆ ಪುಸ್ತಕವನ್ನು ಕೇಳಬಾರದೆಂದೂ ಕಾರ್ಡು ಬರೆದಿದ್ದಾರೆ. ಅವರ ತರುವಾಯದ ಸರದಿ ಪೋಸ್ಟ್ ಮಾಸ್ತರರದು. ಕಟ್ಟಿನ ಬಾಯಿಯಿಂದ ಎಷ್ಟು ಪುಟಗಳನ್ನು ಅವರು ಆಗಲೇ ಓದಿಕೊಂಡಿರುವರೋ ತಿಳಿಯದು. ಬೇಕಾದವರು ಅವರಿಬ್ಬರೊಡನೆ ಮಾತನಾಡಿಕೊಳ್ಳತಕ್ಕದ್ದು.